ಝೀನಸ್ ಕಿಟ್ರಿಜ್‌ನ ಕಿವಿ

ನಮ್ಮ ಕೆಡ್ರನ್ ಮಿಲ್ಸ್ ಊರಿನಲ್ಲಿ ಝೀನಸ್ ಕಿಟ್ರಿಜ್‌ನ ಎದುರಿಗೆ 'ಇವತ್ತು ಒಳ್ಳೆಯ ಬಿಸಿಲು' ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಆಕಾಶ ನೋಡುವುದಿಲ್ಲ, ಹೇಳಿದವನ ಮುಖ ನೋಡುತ್ತಾನೆ. ನೋಡಿದ ಮೇಲೆ ಮನೆಗೆ ಹೋಗಿ ಕೊಡೆ ತರುತ್ತಾನೆ.

ಅವನದು ಪೀಪಾಯಿ ಮಾಡುವ ಕಸುಬು. ಅಯೋವಾ ಸೀಮೆಯಲ್ಲಿ ಸೋರದ ಪೀಪಾಯಿ ಬೇಕೆಂದರೆ ಅವನ ಹತ್ತಿರವೇ ಹೋಗಬೇಕು, ಯಾಕೆಂದರೆ ತಾನು ಮಾಡಿದ ಪೀಪಾಯಿಯನ್ನೂ ಅವನು ನಂಬುವುದಿಲ್ಲ. ನೀರು ತುಂಬಿಸಿ ಮೂರು ದಿನ ಅದರ ಎದುರು ಕೂತಿರುತ್ತಾನೆ, ಕಳ್ಳನ ಎದುರು ಕಾವಲುಗಾರ ಕೂತ ಹಾಗೆ.

ಈ ಗುಣ ಅವನಿಗೆ ಪಿತ್ರಾರ್ಜಿತ. ಅವನ ಅಪ್ಪ ಒಂದು ಬಣ್ಣದ ನಕ್ಷೆಯನ್ನು ನಂಬಿ ವರ್ಮಾಂಟ್‌ನಿಂದ ಸಂಸಾರ ಸಮೇತ ಬಂದಿಳಿದ. ನಕ್ಷೆಯಲ್ಲಿ ನದಿಯ ದಂಡೆಯ ಮೇಲೆ ಜಮೀನಿತ್ತು. ಬಂದು ನೋಡಿದರೆ ದಂಡೆ ಇರಲಿಲ್ಲ, ನದಿ ಇತ್ತು. ಆರು ವರ್ಷದ ಝೀನಸ್ ಗಾಡಿಯ ಮೇಲೆ ಕೂತು ಅಪ್ಪ ನೀರನ್ನು ನೋಡುತ್ತಾ ನಿಂತದ್ದನ್ನು ನೋಡಿದನಂತೆ. ಆಮೇಲೆ ಅವನು ಯಾವುದನ್ನೂ ಕಾಲಿಟ್ಟು ನೋಡದೆ ಒಪ್ಪಲಿಲ್ಲ. ಮದುವೆಯ ದಿನ, 'ಮದುವೆ ಮಾಡಿಸೋ ಅಧಿಕಾರಪತ್ರ ಎಲ್ಲಿ, ತೋರಿಸಿ' ಎಂದು ಪಾದ್ರಿಯನ್ನು ಕೇಳಿದ. ಮದುಮಗಳು ಕೆಝಾಯ ಮುಸುಕಿನೊಳಗಿಂದಲೇ, "ಅದರ ಜೊತೆ ನನ್ನ ಹಲ್ಲೂ ಎಣಿಸಿಬಿಡು, ಆಮೇಲೆ ಕೊರಗಬೇಡ" ಎಂದಳು. ಅವನು ಎಣಿಸಲಿಲ್ಲ. ಅವನ ಬಾಳಿನಲ್ಲಿ ಪರೀಕ್ಷಿಸದೆ ತೆಗೆದುಕೊಂಡದ್ದು ಅವಳೊಬ್ಬಳನ್ನೇ ಎಂದು ಊರು ಹೇಳುತ್ತದೆ.

ಸಾವಿರದ ಎಂಟುನೂರ ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಊರಿನ ಹುಡುಗರೆಲ್ಲ ಒಂದೇ ತುಕಡಿಯಾಗಿ ಸ್ವಯಂಸೇವಕ ದಳಕ್ಕೆ ಸೇರಿದೆವು. ದೇಶದಿಂದ ಒಡೆದುಹೋದ ದಕ್ಷಿಣದ ರಾಜ್ಯದವರನ್ನು ಬಗ್ಗುಬಡಿದು ಸುಗ್ಗಿಗೆ ವಾಪಸಾಗುವುದು ನಮ್ಮ ಅಂದಾಜು. ಯಾವ ವರ್ಷದ ಸುಗ್ಗಿ ಎಂದು ಕೇಳಿದವನು ಝೀನಸ್ ಒಬ್ಬನೇ. ಸ್ವಯಂಸೇವಕರು ನಾವು, ನಮ್ಮ ಕ್ಯಾಪ್ಟನ್ನನ್ನು ನಾವೇ ಚೀಟಿ ಹಾಕಿ ಆರಿಸಿಕೊಂಡೆವು. ಎಣಿಕೆ ಮುಗಿದು ಎಲ್ಲರೂ ಜೈಕಾರ ಹಾಕುತ್ತಿದ್ದಾಗ ಝೀನಸ್ ಚೀಟಿ ಹಾಕಿದ ಟೋಪಿಯನ್ನು ಇಸಿದುಕೊಂಡು ಒಳಪಟ್ಟಿ ಬಿಚ್ಚಿದ. ಎರಡು ಚೀಟಿ ಸಿಕ್ಕಿಕೊಂಡಿದ್ದವು. ಎರಡೂ ಗೆದ್ದವನಿಗೇ ಬಿದ್ದವು, ಏನೂ ಬದಲಾಗಲಿಲ್ಲ. ಆದರೂ ಅಂದಿನಿಂದ ಕ್ಯಾಪ್ಟನ್ ಅವನನ್ನು ಕಂಡರೆ ಟೋಪಿ ಮುಟ್ಟಿಕೊಳ್ಳುತ್ತಿದ್ದ. ಊರ ಹೆಂಗಸರು ಹೊಲಿದುಕೊಟ್ಟ ರೇಷ್ಮೆ ಬಾವುಟವನ್ನು ಕೈಯಲ್ಲಿ ಹಿಡಿದು, "ಇದು ಬಣ್ಣ ಬಿಡುತ್ತಾ?" ಎಂದು ಕೇಳಿದ. ಹೆಂಗಸರು ಅತ್ತರು. ಮೊದಲ ಮಳೆಗೇ ನಮ್ಮ ಬಾವುಟದ ನಕ್ಷತ್ರಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು.

ಇಂಥವನನ್ನು ತುಕಡಿ ಯಾಕೆ ಸಹಿಸಿಕೊಂಡಿತು ಎಂದರೆ, ಕಾಫಿಯ ದೆಸೆಯಿಂದ.

ಸಿಪಾಯಿಗೆ ಕಾಫಿ ಎಂದರೆ ಏನು ಎಂದು ಹೇಳಲು ಹೋದರೆ ನನ್ನ ಕಣ್ಣು ಒದ್ದೆಯಾಗುತ್ತದೆ. ಗುಂಡಿಲ್ಲದೆ ನಾವು ಯುದ್ಧಕ್ಕೆ ಹೋಗಿದ್ದೇವೆ, ಕಾಫಿಯಿಲ್ಲದೆ ಹೋಗಿಲ್ಲ. ಪಾಲು ಬಂದಾಗ ಸಾರ್ಜೆಂಟ್ ಹೋಬರ್ಟ್ ರಬ್ಬರಿನ ಹೊದಿಕೆಯನ್ನು ನೆಲಕ್ಕೆ ಹಾಸಿ, ತಲೆಗೊಂದರಂತೆ ಕಾಫಿಪುಡಿಯ ಗುಪ್ಪೆ ಹಾಕುತ್ತಿದ್ದರು. ಎಷ್ಟು ಸಮ ಮಾಡಿದರೂ ನಮಗೆಲ್ಲ ಪಕ್ಕದವನ ಗುಪ್ಪೆಯೇ ಎತ್ತರ. ಅದಕ್ಕೇ ಎಲ್ಲ ರೆಜಿಮೆಂಟುಗಳಲ್ಲೂ ಒಂದು ಪದ್ಧತಿ: ಒಬ್ಬ ಗುಪ್ಪೆಗಳಿಗೆ ಬೆನ್ನು ಮಾಡಿ ನಿಲ್ಲುವುದು, ಸಾರ್ಜೆಂಟ್ ಯಾವುದೋ ಒಂದು ಗುಪ್ಪೆಯ ಮೇಲೆ ಬೆರಳಿಟ್ಟು "ಇದು ಯಾರಿಗೆ?" ಎನ್ನುವುದು, ಬೆನ್ನು ಮಾಡಿದವನು ಒಂದು ಹೆಸರು ಕೂಗುವುದು, ಹೆಸರಿನವನು "ಇದ್ದೀನಿ" ಎಂದು ಚೀಲ ಒಡ್ಡುವುದು. ನಮ್ಮಲ್ಲಿ ಬೆನ್ನು ಮಾಡಿ ನಿಲ್ಲಲು ಝೀನಸ್‌ನೇ ಆಗಬೇಕು ಎಂದು ಎಲ್ಲರೂ ಒಪ್ಪಿದ್ದೆವು. ಯಾರನ್ನೂ ನಂಬದವನು ಯಾರಿಗೂ ಸಲಿಗೆ ಕೊಡುವುದಿಲ್ಲವಲ್ಲ.

ಇಷ್ಟೆಲ್ಲ ಈಗ ಯಾಕೆ ಎಂದರೆ, ಯುದ್ಧ ಮುಗಿದು ಇಪ್ಪತ್ತೆರಡು ವರ್ಷವಾದ ಮೇಲೆ ನಮ್ಮ ಹಳೆಯ ಸಿಪಾಯಿಗಳ ಸಂಘಕ್ಕೆ ರೆಜಿಮೆಂಟಿನ ಸೇವಾ ಚರಿತ್ರೆಯನ್ನು ಅಚ್ಚು ಹಾಕಿಸುವ ಚಪಲ ಹುಟ್ಟಿತು. ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಲೂಥರ್ ಪೆಕ್, ಬೂಟಿನ ಅಂಗಡಿಯವನು. ನನ್ನ ಅಕ್ಷರ ದುಂಡಗಿದೆ ಎನ್ನುವುದೊಂದೇ ಕಾರಣ. ರೆಜಿಮೆಂಟಿನ ಸಂಖ್ಯೆಯನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಪಕ್ಕದ ಸಂಖ್ಯೆಯವರು, 'ಆ ಗುಡ್ಡ ಹತ್ತಿದ್ದು ನಾವು, ನೀವಲ್ಲ' ಎಂದು ಬಡಿಗೆ ಹಿಡಿದು ಬರುತ್ತಾರೆ.

ರಾಜಧಾನಿಯಿಂದ ನಮ್ಮ ತುಕಡಿಯ ಹೆಸರುಪಟ್ಟಿಯ ನಕಲು ಬಂತು. ಅಂಗಡಿಯಲ್ಲಿ ಕೂತು ಓದುತ್ತಾ ಬಂದವನು ಒಂದು ಸಾಲಿನಲ್ಲಿ ನಿಂತೆ.

'ಅಮಾಸಾ ಡೋಟಿ. ವಿಕ್ಸ್‌ಬರ್ಗ್ ಮುತ್ತಿಗೆಯ ಕಂದಕದಿಂದ ಜೂನ್ ಒಂಬತ್ತು, ೧೮೬೩ರಂದು ಓಡಿಹೋದವನು.'

ಡೋಟಿಯ ಹೆಂಡತಿ ಫಿಲೀನಾ ನನ್ನ ಅಂಗಡಿಯ ಎದುರಿಗೇ ಹೆಂಗಸರ ಟೋಪಿಯ ಅಂಗಡಿ ಇಟ್ಟುಕೊಂಡಿದ್ದಾಳೆ. ಆ ವರ್ಷದ ಆಗಸ್ಟಿನಲ್ಲಿ ಅವಳಿಗೆ ಒಂದು ಆಸ್ಪತ್ರೆ ಹಡಗಿನ ಪಾದ್ರಿಯಿಂದ ಕಾಗದ ಬಂದಿತ್ತು: ಡೋಟಿ ಎಂಬ ಸಿಪಾಯಿ ಜೂನ್ ಹದಿನಾಲ್ಕರಂದು ಜ್ವರದಲ್ಲಿ ತೀರಿಕೊಂಡ, ನಿಮ್ಮೂರಿನ ಹೆಸರು ಹೇಳಿದಂತಿತ್ತು ಎಂದು. ಪೂರ್ತಿ ಹೆಸರಿಲ್ಲ, ರೆಜಿಮೆಂಟಿಲ್ಲ. 'ಹೇಳಿದಂತಿತ್ತು' ಎಂಬ ಮಾತನ್ನು ಹಿಡಿದು ಊರು ಇಪ್ಪತ್ತನಾಲ್ಕು ವರ್ಷ ಜಗಿದಿತ್ತು. ಡೋಟಿಯ ಅಣ್ಣನೇ, ಡೆನ್ವರಿನಲ್ಲಿ ಅವನನ್ನು ಕಂಡೆ, ಪಕ್ಕದಲ್ಲಿ ಕೆಂಪು ಕೂದಲಿನವಳಿದ್ದಳು ಎಂದು ಹೇಳಿಕೊಂಡು ತಿರುಗಿದ್ದ.

ನಕಲು ಬಂದ ಸುದ್ದಿ ಅವಳಿಗೆ ತಲುಪಲು ರಸ್ತೆ ದಾಟುವಷ್ಟು ಹೊತ್ತೇ ಸಾಕಾಯಿತು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದಳು.

"ಪೆಕ್ ಅವರೇ, ನಮ್ಮನೆಯವರ ಸಾಲಲ್ಲಿ ಏನಿದೆ?"

"ಇನ್ನೂ ಅಲ್ಲಿಗೆ ಬಂದಿಲ್ಲಮ್ಮ" ಎಂದೆ. ಹಾಳೆಯ ಮೇಲೆ ಅಂಗೈ ಇಟ್ಟಿದ್ದೆ.

ಅವಳು ಅಂಗೈಯನ್ನು ನೋಡಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡಳು. "ಓಡಿಹೋದರು ಅಂತಾನೇ ಇರಲಿ, ಸತ್ತರು ಅಂತಾನೇ ಇರಲಿ, ಪುಸ್ತಕದಲ್ಲಿ ನಿಜ ಬರಬೇಕು. ಎರಡರ ಮಧ್ಯೆ ಕೂತು ಕೂತು ನನಗೆ ಸಾಕಾಗಿದೆ."

ಸಂಘದ ನಿಯಮ ಸ್ಪಷ್ಟವಾಗಿತ್ತು. ಪಟ್ಟಿಯಲ್ಲಿದ್ದಂತೆ ಪುಸ್ತಕದಲ್ಲಿ. ಬದಲಿಸಬೇಕಾದರೆ ಅದೇ ತುಕಡಿಯ ಇಬ್ಬರು ತಮಗೆ ಖುದ್ದು ಗೊತ್ತಿರುವುದನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಮುದ್ರಣದವರಿಗೆ ಹಾಳೆ ಕೊಡಲು ಒಂದು ತಿಂಗಳಿತ್ತು.

ಸಂಘದಲ್ಲಿ ಕೇಳಿದರೆ ನಮ್ಮವರೆಲ್ಲ ಪ್ರಮಾಣಕ್ಕೆ ತಯಾರು, ಆದರೆ ಡೋಟಿಯ ವಿರುದ್ಧ. ಆ ಗುರುತು ಹಾಕಿದ್ದು ಸಾರ್ಜೆಂಟ್ ಹೋಬರ್ಟರೇ. ಫಿಲೀನಾಳ ಮುಖ ನೋಡಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

"ಆರು, ಏಳು, ಎಂಟು, ಮೂರು ಸಂಜೇನೂ ಡೋಟಿ ಕಾಫಿ ಇಸ್ಕೊಂಡಿದಾನೆ" ಎಂದರು ಸಾರ್ಜೆಂಟ್. "ನಾನೇ ಕೈಯಾರೆ ಚೀಲಕ್ಕೆ ಹಾಕಿದೀನಿ. 'ಇಲ್ಲೇ ಇದ್ದೀನಿ, ಇನ್ನೆಲ್ಲಿ ಹೋಗ್ಲಿ' ಅನ್ನೋನಲ್ವಾ ಅವನು ಯಾವಾಗ್ಲೂ, ಹಾಗೇ ಅಂದ. ಗುಂಡುಕಲ್ಲಿನ ಹಾಗಿದ್ದ ಮನುಷ್ಯ ಒಂಬತ್ತನೇ ತಾರೀಕು ಇಲ್ಲ! ಜ್ವರ ಬಂದು ಬಿದ್ದವನು ಹಿಂದಿನ ದಿನ ಹಾಗೆ ಕೂಗ್ತಾನಾ? ಕಾಫಿ ಕೂಡಿಟ್ಕೊಂಡ, ಕಾಲಿಗೆ ಬುದ್ಧಿ ಹೇಳ್ದ. ಅಷ್ಟೇ."

"ಕೇಳಿದೀವಿ, ಕೇಳಿದೀವಿ" ಎಂದು ಉಳಿದವರೂ ತಲೆಯಾಡಿಸಿದರು.

ಕೂಗಿದ್ದು ನಾನು.

ಕಂದಕದಲ್ಲಿ ಮುಖ ಕಾಣುತ್ತಿರಲಿಲ್ಲ. ಗುಡ್ಡದ ಮಗ್ಗುಲಲ್ಲಿ ಕೊರೆದ ಆ ಓಣಿ ಒಬ್ಬರು ಹಾಯುವಷ್ಟೇ ಅಗಲ. ತಲೆಯೆತ್ತಿದರೆ ಎದುರಿನವರ ಗುಂಡು. ಓಣಿ ತಿರುಗುವ ಜಾಗದಲ್ಲಿ ಸಾರ್ಜೆಂಟ್ ಗುಪ್ಪೆ ಹಾಕುತ್ತಿದ್ದರು, ಝೀನಸ್ ಮಣ್ಣಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ, ನಾವು ಎಡಕ್ಕೂ ಬಲಕ್ಕೂ ತಿರುವಿನಾಚೆ ಬಗ್ಗಿ ನಿಂತು ಕೈ ಮಾತ್ರ ಚಾಚುತ್ತಿದ್ದೆವು. ಕೆಸರು ಮೆತ್ತಿದ ಮೇಲೆ ಎಲ್ಲರ ಕೈಯೂ ಒಂದೇ. ಡೋಟಿಗೆ ಆರನೇ ತಾರೀಕು ಜ್ವರ ಬಂತು. ನಾವಿಬ್ಬರೂ ಮಲಗುತ್ತಿದ್ದ ಗೂಡಿನಲ್ಲಿ ಹಲ್ಲು ಕಟಕಟಿಸುತ್ತಾ, "ಲೂಥರ್, ಸಾರ್ಜೆಂಟಿಗೆ ಹೇಳಬೇಡ, ನನ್ನನ್ನ ಹಡಗಿಗೆ ಹಾಕ್ತಾರೆ" ಎಂದ. ಹಡಗು ಹತ್ತಿದವರು ಇಳಿದದ್ದನ್ನು ನಾವು ಕಂಡಿರಲಿಲ್ಲ. "ನನ್ನ ಹೆಸರು ಬಂದಾಗ ನೀನೇ ಕೂಗಿಬಿಡು." ಕೂಗಿದೆ, ಅವನ ದನಿಯಲ್ಲೇ. ಅವನ ಕಾಫಿಯನ್ನು ಕಾಯಿಸಿ ಕೊಟ್ಟೆ, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಉಳಿದದ್ದನ್ನು ನಾನು ಕುಡಿದೆ. ಎರಡನೇ ಸಂಜೆ, ಮೂರನೇ ಸಂಜೆ ಕಾಯಿಸಿಕೊಡುವ ಶಾಸ್ತ್ರವನ್ನೂ ಮಾಡಲಿಲ್ಲ, ನೇರ ಕುಡಿದೆ. ಒಂಬತ್ತರ ಬೆಳಿಗ್ಗೆ ನೀರು ತರಲು ಹೋದಾಗ ಸರಬರಾಜಿನ ಹೇಸರಗತ್ತೆಯೊಂದು ನನ್ನ ತೊಡೆಗೆ ಒದ್ದಿತು. ಆ ಮಹಾಯುದ್ಧದಲ್ಲಿ ನನಗಾದ ಗಾಯ ಅದೊಂದೇ, ಅದೂ ನಮ್ಮ ಪಕ್ಷದ ಕತ್ತೆಯಿಂದ. ಆರು ವಾರ ಹಿಂದಿನ ಡೇರೆಯಲ್ಲಿ ಬಿದ್ದಿದ್ದೆ. ವಾಪಸು ಬರುವಾಗ ಅರ್ಧ ತುಕಡಿಯೇ ಇರಲಿಲ್ಲ. ಇಲ್ಲದವರ ಬಗ್ಗೆ ಕೇಳುವುದನ್ನು ಎಲ್ಲರೂ ಬಿಟ್ಟಿದ್ದರು. ಊರಿಗೆ ಬಂದು ಪಾದ್ರಿಯ ಕಾಗದದ ವಿಷಯ ಕೇಳಿ, ಹಾಗಾದರೆ ನಾನು ನೀರಿಗೆ ಹೋದ ಮೇಲೆ ಅವನು ಗೂಡಿನಿಂದ ತೆವಳಿ ಹೋಗಿರಬೇಕು, ಹಡಗಿನವರು ಎತ್ತಿಕೊಂಡು ಹೋಗಿರಬೇಕು ಎಂದು ತಿಳಿದುಕೊಂಡೆ. ಡೆನ್ವರಿನ ಸುದ್ದಿಯನ್ನು ಬರೀ ಹರಟೆ ಎಂದು ತಳ್ಳಿಹಾಕಿದ್ದೆ; ಪಟ್ಟಿಯ ಆ ಮಾತು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ.

ಈಗ ಗೊತ್ತಾಯಿತು. ನಾನು ಕೂಗದಿದ್ದರೆ ಡೋಟಿ ಆರನೇ ತಾರೀಕಿನ ರೋಗಿ. ನಾನು ಕೂಗಿದ್ದರಿಂದ ಎಂಟನೇ ತಾರೀಕಿನ ಗುಂಡುಕಲ್ಲು, ಒಂಬತ್ತನೇ ತಾರೀಕಿನ ಹೇಡಿ. ಅವನನ್ನು ಓಡಿಸಿದ್ದು ನನ್ನ ಗಂಟಲು.

ಗೊತ್ತಾದ ಕೂಡಲೇ ಹೇಳಿದೆನೇ? ಇಲ್ಲ. ಮೂರು ವಾರ ಎದುರಿನ ಟೋಪಿ ಅಂಗಡಿಯ ಕಡೆಗೆ ಬೆನ್ನು ಹಾಕಿ ಬೂಟು ಒರೆಸಿದೆ. ರೋಗಿಯ ಕಾಫಿ ಕುಡಿದವನು ಎನ್ನಿಸಿಕೊಂಡ ಮೇಲೆ ಈ ಊರಲ್ಲಿ ಬೂಟು ಮಾರುವುದು ಹೇಗೆ ಎಂಬುದು ನನ್ನ ಚಿಂತೆ.

ಒಂದು ಸೋಮವಾರ ಝೀನಸ್ ಅಂಗಡಿಗೆ ಬಂದ. ಬಾಗಿಲ ಗಂಟೆ ಬಾರಿಸಿತು. ಬಾರಿಸಿದ್ದು ಅದೇ ಗಂಟೆಯೇ ಎಂದು ತಲೆಯೆತ್ತಿ ನೋಡಿ ಕೂತ.

"ಬೂಟು ಬೇಕಾ?"

"ನಿನ್ನ ಹತ್ರ? ಥೂ." ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಹೇಳಿದ: "ಡೋಟಿ ಯಾವಾಗಲೂ ಬಲಗಡೆ ನಿಲ್ತಿದ್ದ. ಆ ಮೂರು ಸಂಜೆ ಅವನ ದನಿ ಎಡಗಡೆಯಿಂದ ಬಂತು."

ನನ್ನ ಕೈಯಲ್ಲಿದ್ದ ಬ್ರಷ್ಷು ನಿಂತಿತು.

"ಓಡಿಹೋಗೋಕೆ ಮುಂಚೆ ದಾರಿ ನೋಡ್ಕೊಳ್ಳೋಕೆ ಜಾಗ ಬದಲಾಯಿಸಿದಾನೆ ಅಂತ ಅವತ್ತು ಅಂದ್ಕೊಂಡೆ. ಇಪ್ಪತ್ತನಾಲ್ಕು ವರ್ಷ ಅದನ್ನೂ ನಂಬಿಲ್ಲ. ಎಡಗಡೆ ನಿಲ್ತಿದ್ದವರು ಏಳು ಜನ. ಐದು ಜನ ಸತ್ತಿದಾರೆ. ಒಬ್ಬ ಓರೆಗಾನಿಗೆ ಹೋದ."

"ಇನ್ನೊಬ್ಬ?"

"ಇನ್ನೊಬ್ಬ ಬೂಟು ಒರೆಸೋದು ನಿಲ್ಲಿಸಿದಾನೆ."

ಎಲ್ಲ ಹೇಳಿದೆ. ಕಾಫಿಯನ್ನೂ ಬಿಡದೆ. ಹೇಳಿ ಮುಗಿದ ಮೇಲೆ ಎದೆ ಹಗುರಾಯಿತು. ಝೀನಸ್ ನನ್ನ ಭುಜ ತಟ್ಟುತ್ತಾನೆ, ನಡೆ ಪ್ರಮಾಣ ಬರೆಯೋಣ ಎನ್ನುತ್ತಾನೆ ಎಂದುಕೊಂಡೆ.

"ಸುಳ್ಳು" ಎಂದ ಝೀನಸ್.

"ಏನಂದೆ?"

"ಆ ಹೆಣ್ಣುಮಗಳ ಮೇಲಿನ ಕನಿಕರಕ್ಕೆ ಕಟ್ತಿದೀಯ. ಎಡಗಡೆ ಅಂತ ನಾನೇ ಬಾಯಿ ಬಿಟ್ಟೆ, ಬುದ್ಧಿಗೇಡಿ. ನೀನು ಎತ್ಕೊಂಡೆ."

"ಅಯ್ಯೋ ಮಾರಾಯ, ಯಾರಾದ್ರೂ ಸುಮ್ಮಸುಮ್ಮನೆ ರೋಗಿ ಪಾಲು ಕುಡಿದೆ ಅಂತ ಹೇಳ್ಕೋತಾರಾ?"

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ. ಯಾಕೆ ಹೇಳ್ಕೋತಾರೆ?"

ಇಪ್ಪತ್ತನಾಲ್ಕು ವರ್ಷ ಮುಚ್ಚಿಟ್ಟ ಪಾಪವನ್ನು ಒಪ್ಪಿಕೊಂಡರೆ ಅದನ್ನು ಸಾಬೀತುಮಾಡಿ ಎನ್ನುವವನು ನಮ್ಮೂರಲ್ಲಿ ಮಾತ್ರ ಸಿಗುತ್ತಾನೆ. ಆದರೆ ಅವನ ಸಹಿಯಿಲ್ಲದೆ ನನ್ನ ಪ್ರಮಾಣಕ್ಕೆ ಬೆಲೆಯಿರಲಿಲ್ಲ. ಉಳಿದವರೆಲ್ಲ ಡೋಟಿಯ ದನಿಯನ್ನು ಕೇಳಿದವರು. ದನಿಯನ್ನು ಅನುಮಾನಿಸಿದವನು ಇವನೊಬ್ಬನೇ.

ಗುರುವಾರ ಮಧ್ಯಾಹ್ನ ಸಂಘದ ಕೋಣೆಗೆ ನಮ್ಮ ತುಕಡಿಯ ಒಂಬತ್ತು ಜನರನ್ನೂ ಝೀನಸ್ ಕರೆಸಿದ. ನಾನು ಎಲ್ಲರೆದುರು ಇನ್ನೊಮ್ಮೆ ಒಪ್ಪಿಕೊಳ್ಳಬೇಕಾಯಿತು. ಎರಡನೇ ಸಲ ಹೇಳುವಾಗ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

"ಹಾಗಾದ್ರೆ ಜಾಕ್ಸನ್ ಪಟ್ಟಣದಲ್ಲಿ ನನ್ನ ಹಂದಿಮಾಂಸ ತಿಂದೋನೂ ನೀನೇನಾ?" ಎಂದು ಒಬ್ಬ ಎದ್ದ.

"ನನ್ನ ಉಣ್ಣೆ ಕಾಲುಚೀಲ?" ಎಂದು ಇನ್ನೊಬ್ಬ.

"ಇವನಿಗೆ ಡೋಟಿಯ ದನಿ ಬರೋದುಂಟಾ?" ಎಂದು ಸಾರ್ಜೆಂಟ್ ಹೋಬರ್ಟ್ ಮೇಜು ಗುದ್ದಿದರು. "ನನ್ನ ಕಿವಿಗೇನು ಹುಳ ಹೊಕ್ಕಿತ್ತಾ?"

"ಅದನ್ನೇ ನೋಡೋದು ಸಾರ್ಜೆಂಟ್ರೇ" ಎಂದ ಝೀನಸ್. "ನಾನು ಗೋಡೆ ಕಡೆ ತಿರುಗ್ತೀನಿ. ನೀವೆಲ್ಲ ಜಾಗ ಬದಲಾಯಿಸಿ, ನನಗೆ ಗೊತ್ತಾಗಬಾರದು. ಒಬ್ಬೊಬ್ಬರಾಗಿ ಡೋಟಿ ಹಾಗೆ ಕೂಗಿ. ಆ ಮೂರು ಸಂಜೆ ಕೇಳಿದ ದನಿ ನನಗೆ ಗೊತ್ತು. ಸಿಕ್ಕರೆ ಹೇಳ್ತೀನಿ. ಸಿಗದಿದ್ದರೆ ಲೂಥರ್ ಸುಳ್ಳುಗಾರ, ಡೋಟಿ ಓಡಿಹೋದವನು."

ಅವನು ಗೋಡೆಗೆ ಮುಖ ಮಾಡಿ ನಿಂತ. ನಲವತ್ತೇಳರ ಬೆನ್ನು ಸ್ವಲ್ಪ ಬಾಗಿತ್ತು. ನಾವು ಬೂಟು ಬಿಚ್ಚಿ ಕಾಲ್ಬೆರಳ ಮೇಲೆ ಜಾಗ ಬದಲಾಯಿಸಿದೆವು. ಗಡ್ಡ ನೆರೆತ ಒಂಬತ್ತು ಜನ ಕಳ್ಳಬೆಕ್ಕುಗಳ ಹಾಗೆ.

"ಅಮಾಸಾ ಡೋಟಿ!" ಎಂದು ಕೂಗಿದ ಝೀನಸ್.

ಆ ಕೂಗಿಗೆ ನನ್ನ ತೊಡೆಯ ಹಳೆಯ ಪೆಟ್ಟು ಸೆಳೆಯಿತು. ಯಾರೋ, "ಇಲ್ಲೇ ಇದ್ದೀನಿ, ಇನ್ನೆಲ್ಲಿ ಹೋಗ್ಲಿ" ಎಂದ.

"ಅಲ್ಲ. ಅಮಾಸಾ ಡೋಟಿ!"

ಎರಡನೆಯವನು ಕೂಗಿದ. ಮೂರನೆಯವನು. ಸಾರ್ಜೆಂಟರೂ ಮೀಸೆಯೊಳಗಿಂದ ಕೂಗಿದರು. ನಿಜ ಹೇಳಬೇಕೆಂದರೆ ಅವರದ್ದೇ ಡೋಟಿಗೆ ಹೆಚ್ಚು ಹತ್ತಿರವಿತ್ತು. "ಅಲ್ಲ" ಎಂದ ಝೀನಸ್. ನನ್ನ ಸರದಿ ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ದನಿ ದಪ್ಪಗಾಗಿದೆ, ಹಲ್ಲು ಎರಡು ಹೋಗಿವೆ; ಡೋಟಿಯ ಹಾಗೆ ಬರುವುದಿಲ್ಲ ಎಂದು ಗೊತ್ತಿತ್ತು.

"ಇಲ್ಲೇ ಇದ್ದೀನಿ, ಇನ್ನೆಲ್ಲಿ ಹೋಗ್ಲಿ."

ಝೀನಸ್ ತಲೆ ವಾಲಿಸಿ ಕಿವಿಗೆ ಅಂಗೈ ಒಡ್ಡಿದ.

"ಇನ್ನೊಂದ್ಸಲ" ಎಂದ.

ಕೂಗಿದೆ.

"ಇವನೇ" ಎಂದ ಝೀನಸ್, ತಿರುಗದೆ. "ಹೇಳೋಕೆ ಮುಂಚೆ ಎಂಜಲು ನುಂಗ್ತಾನೆ. ಮೂರು ಸಂಜೇನೂ ನುಂಗಿದ. ಡೋಟಿ ಯಾವತ್ತೂ ನುಂಗಿದವನಲ್ಲ. ಅವನಿಗೆ ಕಾಫಿ ಕೇಳೋಕೆ ನಾಚಿಕೆ ಇರಲಿಲ್ಲ."

"ಸರಿಯಪ್ಪ, ಕೂಗಿದ್ದು ಇವನೇ" ಎಂದರು ಸಾರ್ಜೆಂಟ್, ದನಿ ತಗ್ಗಿತ್ತು. "ಆದ್ರೆ ಡೋಟಿ ಆಗ ಜ್ವರದಲ್ಲಿ ಮಲಗಿದ್ದ ಅಂತ ಹೇಗೆ? ಓಡಿಹೋದವನ ಪಾಲನ್ನೇ ಇವನು ಹೊಡೆದಿರಬಹುದಲ್ಲ?"

ಎಲ್ಲರೂ ನನ್ನನ್ನು ನೋಡಿದರು. ಉಣ್ಣೆ ಕಾಲುಚೀಲದವನು ಹೆಚ್ಚಾಗಿಯೇ ನೋಡಿದ.

ಝೀನಸ್ ಈಗ ತಿರುಗಿದ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ, ನೀರು ತುಂಬಿದ ಪೀಪಾಯಿಯನ್ನು ನೋಡುವ ಹಾಗೆ.

"ಇವನು? ಸಾರ್ಜೆಂಟ್ರೇ, ಇವನ ಎದೆ ನಿಮಗೆ ಗೊತ್ತಿಲ್ವಾ? ಓಡಿಹೋದವನು ಯಾವ ಗಳಿಗೆಯಲ್ಲಾದ್ರೂ ಸಿಕ್ಕಿಬೀಳಬಹುದು, ಆಗ ಕೂಗಿದವನಿಗೂ ಶಿಕ್ಷೆ. ತಾನಾಗಿ ಅಂಥ ಕಳ್ಳತನ ಮಾಡೋ ಧೈರ್ಯ ಈ ಪ್ರಾಣಿಗೆ ಹುಟ್ಟಿದಾಗಿಂದ ಇಲ್ಲ. ಗೂಡಲ್ಲಿ ಮಲಗಿದ ಯಾರೋ 'ಕೂಗು' ಅಂದಿರಬೇಕು. ಅದಕ್ಕೇ ಕೂಗಿದಾನೆ."

ನನ್ನ ಬಗ್ಗೆ ಇಷ್ಟು ಉಪಯೋಗದ ಮಾತನ್ನು ಯಾರೂ ಆಡಿರಲಿಲ್ಲ. ಉಳಿದ ಎಂಟೂ ಜನ ಕೂಡಲೇ ಒಪ್ಪಿದರು. ಒಬ್ಬನಾದರೂ ಸ್ವಲ್ಪ ತಡೆದು ಒಪ್ಪಬಹುದಿತ್ತು.

ಪ್ರಮಾಣಪತ್ರವನ್ನು ಝೀನಸ್ ನಾಲ್ಕು ಸಲ ಓದಿದ. 'ಡೋಟಿ ರೋಗಿಯಾಗಿದ್ದನೆಂದು ಬಲ್ಲೆ' ಎಂಬಲ್ಲಿ 'ಬಲ್ಲೆ'ಯನ್ನು ಹೊಡೆದು ಹಾಕಿ, 'ಡೋಟಿಯ ಹೆಸರಿನಲ್ಲಿ ಲೂಥರ್ ಪೆಕ್ ಕೂಗಿದ್ದನ್ನು ಕೇಳಿದೆ. ಅವನಿಗೆ ಸ್ವಂತ ಧೈರ್ಯವಿಲ್ಲವೆಂದು ಬಲ್ಲೆ' ಎಂದು ಸೇರಿಸಿದ ಮೇಲೆಯೇ ಸಹಿ ಮಾಡಿದ್ದು. ಸಾರ್ಜೆಂಟ್ ಹೋಬರ್ಟ್ ತಾವೇ ಪೆನ್ನು ತೆಗೆದುಕೊಂಡು ಪುಸ್ತಕದ ಹಾಳೆಯಲ್ಲಿ 'ಓಡಿಹೋದವನು' ಎಂಬುದರ ಮೇಲೆ ಗೆರೆ ಎಳೆದರು. ಗೆರೆ ಎಳೆದ ಮೇಲೂ ಬಹಳ ಹೊತ್ತು ಪೆನ್ನನ್ನು ಕೆಳಗಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಳೆ ಹಿಡಿದು ರಸ್ತೆ ದಾಟಿದೆ. ನಾನು ಬೇರೆ ಹಾಳೆ ತೋರಿಸಿಬಿಡುತ್ತೇನೋ ಎಂದು ಝೀನಸ್ ಜೊತೆಗೇ ಬಂದ. ಫಿಲೀನಾಳ ಎದುರು ಮೂರನೇ ಸಲ ಒಪ್ಪಿಕೊಂಡೆ. ಅವಳು ಕೈಲಿದ್ದ ಹುಲ್ಲಿನ ಟೋಪಿಯ ಅಂಚನ್ನು ತಿರುಗಿಸುತ್ತಾ ಕೇಳಿದಳು. ಬಯ್ಯುತ್ತಾಳೆಂದು ಕಾದೆ, ಬಯ್ಯಲಿಲ್ಲ.

"ಜ್ವರದಲ್ಲಿ ಏನಾದ್ರೂ ಮಾತಾಡಿದ್ರಾ?"

"ನೀರು ಕೇಳ್ತಿದ್ದ. ನಿಮ್ಮ ಬಾವಿ ನೀರೇ ಬೇಕು ಅಂತಿದ್ದ. ತಂದುಕೊಟ್ಟದ್ದು ಬಾವೀದು ಅಂತ ಸುಳ್ಳು ಹೇಳ್ದೆ."

ಅವಳು ಹಾಳೆಯನ್ನು ತೆಗೆದುಕೊಂಡು ಬೆರಳಿಟ್ಟು ಓದಿದಳು. 'ಅಮಾಸಾ ಡೋಟಿ. ಕಂದಕದಲ್ಲಿ ಜ್ವರಬಿದ್ದು, ಆಸ್ಪತ್ರೆ ಹಡಗಿನಲ್ಲಿ ಜೂನ್ ೧೪, ೧೮೬೩ರಂದು ನಿಧನ.' ಎರಡು ಸಲ ಓದಿದಳು. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ ಸಮಾಧಾನ ಇರಲಿಲ್ಲ.

"ಡೆನ್ವರ್ ಸುದ್ದೀನ ಬಯ್ಕೊಂಡೇ ಇದ್ದೆ" ಎಂದಳು. "ಆದ್ರೂ ಡೆನ್ವರ್ ಇರೋ ಪಡುವಣದ ಕಡೆಯಿಂದ ರೈಲು ಬಂದಾಗೆಲ್ಲ ಕಿಟಕಿಗೆ ಹೋಗ್ತಿದ್ದೆ. ಕೆಂಪು ಕೂದಲಿನವಳ ಜೊತೆಗಾದ್ರೂ ಇಳೀಲಿ ಅಂತ."

ಅವಳು ಝೀನಸ್‌ನ ಕಡೆ ತಿರುಗಿದಳು. ಅವನು ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ.

"ಕಿಟ್ರಿಜ್ ಅವರೇ, ನೀವು ಇದನ್ನ ನಂಬ್ತೀರಾ?"

"ಸಹಿ ಹಾಕಿದೀನಿ, ತಾಯಿ."

"ಅದಲ್ಲ ನಾನು ಕೇಳಿದ್ದು."

ಝೀನಸ್ ನೆಲ ನೋಡಿದ. ಹಲಗೆಯ ಸಂದನ್ನು ಬೂಟಿನ ತುದಿಯಿಂದ ಒತ್ತಿದ. "ನಿನ್ನೆಯಿಂದ ಹುಡುಕ್ತಾ ಇದ್ದೀನಿ, ಎಲ್ಲಾದ್ರೂ ಬಿರುಕಿದೆಯಾ ಅಂತ. ನಿಮಗೋಸ್ಕರ ಒಂದಾದ್ರೂ ಸಿಗಲಿ ಅಂತಾನೇ ಹುಡುಕಿದೆ. ಸಿಗಲಿಲ್ಲ, ತಾಯಿ."

ಅವಳು ತಲೆಯಾಡಿಸಿದಳು. ಹಾಳೆಯನ್ನು ಮಡಿಸದೆ ಮೇಜಿನ ಮೇಲಿಟ್ಟು, ಏಣಿಯೆಳೆದು ಹತ್ತಿ, ಮೇಲಿನ ಗೂಡಿನಿಂದ ವಿಧವೆಯರ ಟೋಪಿಗೆ ಹೊಲಿಯುವ ಕಪ್ಪು ರಿಬ್ಬನ್ನಿನ ಸುರುಳಿ ಇಳಿಸಿದಳು. ಗಿರಾಕಿಗೆ ಅಳೆಯುವಷ್ಟೇ ಜಾಗ್ರತೆಯಿಂದ ಮೊಳ ಹಾಕಿ, ಕತ್ತರಿಸಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ತನ್ನ ಟೋಪಿಯನ್ನು ಕೈಗೆ ತೆಗೆದುಕೊಂಡಳು.